ಸ್ಮಾರಕಗೃಹಗಳಲ್ಲಿ ಬಾಲಶಿಕ್ಷಣ: ಒಂದು ವಿಮರ್ಶೆ

ಕವಿಗಳು, ದೇಶನಾಯಕರು ಮೊದಲಾದ ಪ್ರಸಿದ್ಧ ಪುರುಷರು ಬಾಳಿದ ಮನೆಗಳನ್ನು ಕೆಡವದೆ ಉಳಿಸಿ, ಅಲ್ಲಿಯ ಪಾತ್ರೆಪದಾರ್ಥಗಳೊಡನೆ ಜನರ ದರ್ಶನಕ್ಕೆ ತೆರೆದಿಡುವ ಪದ್ಧತಿಯು ಈಗ ಬಹು ದೇಶಗಳಲ್ಲಿ ರೂಢವಾಗಿದೆ. ಇವನ್ನು ಈ ಲೇಖನದಲ್ಲಿ ಸ್ಮಾರಕಗೃಹಗಳೆಂದು ಕರೆಯುವೆವು. ಅಮೆರಿಕದಲ್ಲಿ ಜಾರ್ಜ್ ವಾಷಿಂಗ್ಟನ್ನನು ಯುದ್ಧಕಾಲದಲ್ಲಿ ಬೀಡುಬಿಟ್ಟಿದ್ದ ನ್ಯೂಬರ್ಗಿನ ಮನೆಯನ್ನು ನ್ಯೂಯಾರ್ಕ್ ಸಂಸ್ಥಾನವು 1850ರಲ್ಲಿ ವಹಿಸಿಕೊಂಡುದು ಆ ದೇಶದಲ್ಲಿ ಇದಕ್ಕೆ ಮೊದಲ ಮೇಲ್ಪಂಕ್ತಿಯಾಯಿತು. ನಮ್ಮಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿರುವ ಕುವೆಂಪು ಅವರ ಪೂರ್ವಿಕರ ಮನೆಯು ಈ ವರ್ಗಕ್ಕೆ ಸೇರಿದ್ದು; ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನದವರು ಅದನ್ನು ಕವಿಮನೆಯೆಂಬ ಹೆಸರಿನಿಂದ ಕಾಪಾಡಿಕೊಂಡು ಬರುತ್ತಿರುವುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಇಂತಹ ಮನೆಗಳಿಗೆ ಶಾಲೆಯ ಮಕ್ಕಳು ತಂಡತಂಡವಾಗಿ ಬರುತ್ತಾರೆ. ಅವರಿಗೆ ಅಲ್ಲಿ ದೊರೆಯುವುದು ಶಿಕ್ಷಣವೆಂದು ನಾವೆಲ್ಲರೂ ಹೇಳಿಕೊಳ್ಳುತ್ತೇವೆ. ಅದು ಎಷ್ಟರ ಮಟ್ಟಿಗೆ ಶಿಕ್ಷಣವೆಂಬುದೇ ಇಲ್ಲಿ ವಿಚಾರಾರ್ಹವಾದ ವಿಷಯ.

ಸಾಮಾನ್ಯವಾಗಿ ನಡೆಯುವುದು ಹೀಗೆ: ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು, ಮುಂದೆ ವಿವರಣಕಾರನೊಬ್ಬನು ನಡೆಯುವುದು, ಇದು ಅವರು ಕುಳಿತ ಕುರ್ಚಿ, ಇದು ಅವರ ಕನ್ನಡಕ, ಇದನ್ನು ಮುಟ್ಟಕೂಡದು ಎಂದು ಒಂದೇ ಉಸಿರಿನಲ್ಲಿ ಹೇಳುವುದು, ಉಪಾಧ್ಯಾಯರು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳುವುದು, ಊರಿಗೆ ಮರಳಿದ ಮೇಲೆ ಪ್ರವಾಸದ ಪ್ರಬಂಧ ಬರೆಯಿಸುವುದು. ಒಂದು ಸ್ಮಾರಕಗೃಹದಲ್ಲಿ (ಯಾವುದೆಂದು ಹೇಳುವುದು ಅನಾವಶ್ಯಕ, ಏಕೆಂದರೆ ಹತ್ತು ಕಡೆಗಳಲ್ಲಿ ಹೀಗೆಯೇ ನಡೆದೀತು) ಹತ್ತು ವರ್ಷದ ಹುಡುಗಿಯೊಬ್ಬಳು ಒರಳಿನ ಬಳಿ ನಿಂತು, ‘ಇದರಲ್ಲಿ ಕುಟ್ಟುತ್ತಿದ್ದವರು ಯಾರು?’ ಎಂದು ಕೇಳಿದಳು. ‘ಅದೆಲ್ಲ ಈಗ ಬೇಡ ಮಗೂ, ಮುಂದೆ ನಡಿ, ಹಿಂದಿನವರು ಬರುತ್ತಿದ್ದಾರೆ’ ಎಂಬುದು ಅವಳಿಗೆ ದೊರೆತ ಉತ್ತರ. ಆ ದಿನ ಆ ಮನೆಯಲ್ಲಿ ಶಿಕ್ಷಣವೆಂಬ ಹೆಸರಿಗೆ ತಕ್ಕದ್ದು ಏನಾದರೂ ನಡೆದಿದ್ದರೆ ಅದು ಆ ಪ್ರಶ್ನೆಯೊಂದೇ ಎಂದು ನಮ್ಮ ಅಭಿಪ್ರಾಯ.

ಮಗುವು ಪದಗಳ ಅರ್ಥವನ್ನು ಹೇಗೆ ಕಲಿಯುತ್ತದೆಂಬ ವಿಷಯವನ್ನು ನಮ್ಮ ಶಾಸ್ತ್ರಕಾರರು ಬಹು ಹಿಂದೆಯೇ ವಿಚಾರಮಾಡಿದ್ದಾರೆ. ಹಿರಿಯನೊಬ್ಬನು ಮತ್ತೊಬ್ಬನಿಗೆ ಹಸುವನ್ನು ತಾ ಎನ್ನುತ್ತಾನೆ. ಆ ಮತ್ತೊಬ್ಬನು ಹೋಗಿ ಹಸುವನ್ನು ತರುತ್ತಾನೆ. ಪಕ್ಕದಲ್ಲಿ ಕುಳಿತ ಮಗು ಇದನ್ನು ನೋಡುತ್ತದೆ. ಬಳಿಕ ಹಸುವನ್ನು ಕಟ್ಟು, ಕುದುರೆಯನ್ನು ತಾ ಎಂಬ ಮಾತುಗಳು ಬರುತ್ತವೆ. ಒಂದು ಪದವು ಹೋಗಿ ಇನ್ನೊಂದು ಬರುವ ಈ ಆವಾಪೋದ್ವಾಪಗಳಿಂದ ಯಾವ ಪದಕ್ಕೆ ಯಾವ ವಸ್ತು, ಯಾವ ಕ್ರಿಯೆ ಎಂಬುದನ್ನು ಮಗುವು ತಾನೇ ವಿಂಗಡಿಸಿಕೊಳ್ಳುತ್ತದೆ. ಇದಕ್ಕೆ ವೃದ್ಧವ್ಯವಹಾರವೆಂದು ಹೆಸರು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಯಾರೂ ಮಗುವಿಗೆ ಪಾಠ ಹೇಳುತ್ತಿಲ್ಲ; ಕೆಲಸ ನಡೆಯುತ್ತಿದೆ, ಮಗು ಹತ್ತಿರದಲ್ಲಿದೆ, ಅಷ್ಟೆ. ಈಗ ಸ್ಮಾರಕಗೃಹದ ಗಾಜಿನ ಪೆಟ್ಟಿಗೆಯನ್ನು ನೋಡಿರಿ. ಒಳಗೆ ಕಡೆಗೋಲಿದೆ, ಕೆಳಗೆ ‘ಕಡೆಗೋಲು’ ಎಂಬ ಚೀಟಿಯಿದೆ. ಪದವೂ ಇದೆ, ಪದಾರ್ಥವೂ ಇದೆ. ಎರಡನ್ನೂ ಕೂಡಿಸುವ ವ್ಯವಹಾರ ಮಾತ್ರ ಇಲ್ಲ. ಆ ಚೀಟಿಯನ್ನು ಓದಿದ ಮಗುವಿಗೆ ಕಡೆಗೋಲೆಂದರೆ ಉದ್ದವಾದ ಒಂದು ಮರದ ಸಾಮಾನು ಎಂಬಷ್ಟೇ ತಿಳಿದೀತು. ಅದಕ್ಕೆ ಹಗ್ಗ ಸುತ್ತಿ ಎರಡು ಕೈಗಳಿಂದ ಹಿಂದುಮುಂದಾಗಿ ಎಳೆಯುವಾಗ ತೋಳಿನಲ್ಲಿ ಹುಟ್ಟುವ ನೋವೂ, ಬೆಣ್ಣೆ ಕೂಡುವ ಹೊತ್ತಿಗೆ ಮಜ್ಜಿಗೆಯ ಸದ್ದು ಬದಲಾಗುವುದೂ ತಿಳಿಯುವ ಬಗೆಯಿಲ್ಲ.

ಸಾಮಾನುಗಳು ಮುರಿದಾವೆಂಬ ಆಕ್ಷೇಪವು ಇಲ್ಲಿ ಬರುವುದು ಸಹಜ. ಅದು ತಳ್ಳಿಹಾಕತಕ್ಕದ್ದಲ್ಲ. ಕವಿಯ ಕೈಬರೆಹವನ್ನೋ ನೂರು ವರ್ಷದ ಪತ್ತಲವನ್ನೋ ಮಕ್ಕಳ ಕೈಗೆ ಕೊಡಬೇಕೆಂದು ಯಾವ ಬುದ್ಧಿವಂತನೂ ಹೇಳಲಾರನು. ಆದರೆ ಒರಳು, ಒನಕೆ, ಬೀಸುವ ಕಲ್ಲು, ಮೊರ, ಸೇರು, ಪಾವುಗಳು ಅಂತಹವಲ್ಲ. ಮಲೆನಾಡಿನಲ್ಲಿಯೂ ಬಯಲುಸೀಮೆಯಲ್ಲಿಯೂ ಮಿಕ್ಸಿ ಬಂದ ಮೇಲೆ ಎಷ್ಟೋ ಮನೆಗಳ ಹಿತ್ತಿಲಲ್ಲಿ ರುಬ್ಬುವ ಕಲ್ಲುಗಳು ಮಳೆಯಲ್ಲಿ ನೆನೆಯುತ್ತ ಬಿದ್ದಿವೆ. ಅವುಗಳಲ್ಲಿ ಒಂದನ್ನು ತಂದಿಟ್ಟು, ಮೂಲವಸ್ತುವನ್ನು ಕಣ್ಣಿಗೂ ಜೊತೆವಸ್ತುವನ್ನು ಕೈಗೂ ಒದಗಿಸಿದರೆ ಆಕ್ಷೇಪಕ್ಕೆ ಎಡೆಯುಳಿಯುವುದಿಲ್ಲ. ಹೊರದೇಶಗಳ ಸಂಗ್ರಹಾಲಯಗಳು ಮುಟ್ಟುವುದಕ್ಕೆಂದೇ ಪ್ರತ್ಯೇಕವಾದ ವಸ್ತುಗಳನ್ನು ಇರಿಸಿಕೊಂಡಿರುವುದು ಈ ಕಾರಣದಿಂದಲೇ.

ವ್ಯವಹಾರದಿಂದ ಶಬ್ದಜ್ಞಾನವಾಯಿತೆಂದಿಟ್ಟುಕೊಳ್ಳೋಣ; ಮುಂದಿನ ಮೆಟ್ಟಿಲು ಅನುಮಾನ. ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದ ಎಲ್ಲರಿಗೂ ಬೆಟ್ಟದ ಹೊಗೆಯೂ ಅದರಿಂದ ಊಹಿಸುವ ಬೆಂಕಿಯೂ ನೆನಪಿರುತ್ತವೆ. ಆ ಊಹೆಗೆ ಆಧಾರವಾದ ವ್ಯಾಪ್ತಿಯನ್ನು, ಎಂದರೆ ಹೊಗೆಯಿದ್ದೆಡೆಯಲ್ಲಿ ಬೆಂಕಿಯಿದೆಯೆಂಬ ನಿಯಮವನ್ನು, ಮನುಷ್ಯನು ಎಲ್ಲಿ ಕಂಡುಕೊಂಡನೆಂದು ಕೇಳಿದರೆ ಶಾಸ್ತ್ರವು ಬೆರಳುಮಾಡಿ ತೋರಿಸುವುದು ಮಹಾನಸವನ್ನು, ಎಂದರೆ ಅಡಿಗೆಮನೆಯನ್ನು. ತರ್ಕಶಾಸ್ತ್ರದ ಮೊದಲ ಪಾಠಶಾಲೆಯು ಅಡಿಗೆಮನೆಯೇ! ಪಾಠಶಾಲೆಯ ಜಗಲಿಯಲ್ಲಿ ಕುಳಿತು ವರ್ಷಗಟ್ಟಲೆ ಮಹಾನಸ ಮಹಾನಸವೆಂದು ಹೇಳಿಕೊಂಡ ನಮ್ಮಂತಹವರಲ್ಲಿ ಒಲೆಯ ಮುಂದೆ ಕುಳಿತು ಹೊಗೆ ಕುಡಿದವರು ಕಡಮೆ. ಅದು ಬೇರೆಯ ಮಾತು. ಹಳೆಯ ತೊಟ್ಟಿಯ ಮನೆಯ ಅಡಿಗೆಮನೆಗೆ ಮಕ್ಕಳನ್ನು ಕರೆದೊಯ್ದು, ಏನನ್ನೂ ಹೇಳದೆ, ಮೇಲೆ ನೋಡಿರೆಂದರೆ ಸಾಕು. ತೊಲೆಗಳು ಏಕೆ ಕಪ್ಪಾಗಿವೆ? ಒಲೆಯ ನೇರದಲ್ಲಿ ಹೆಚ್ಚು, ಮೂಲೆಯಲ್ಲಿ ಕಡಮೆ ಏಕೆ? ಒಲೆಯ ಮೇಲಿನ ಅಟ್ಟದಲ್ಲಿ ಏನನ್ನು ಇಡುತ್ತಿದ್ದರು, ಅಲ್ಲಿಯೇ ಏಕೆ ಇಡುತ್ತಿದ್ದರು? ಮಳೆಗಾಲದಲ್ಲಿ ಒಣಗದ ಪದಾರ್ಥವನ್ನು ಹೊಗೆಯೂ ಕಾವೂ ಹೇಗೆ ಕಾಪಾಡುವುವೆಂಬಲ್ಲಿಗೆ ಎಂಟು ವರ್ಷದ ಮಗುವು ತಾನಾಗಿಯೇ ಬಂದು ಮುಟ್ಟುತ್ತದೆ. ನೆಲುವಿನಲ್ಲಿ ತೂಗುವ ಗಡಿಗೆಯನ್ನು ಕಂಡು ಬೆಕ್ಕನ್ನು ಊಹಿಸದ ಮಗುವಿಲ್ಲ. ಇಷ್ಟರಲ್ಲಿ ಒಂದು ಎಚ್ಚರಿಕೆ: ಜೀರ್ಣೋದ್ಧಾರದ ಉತ್ಸಾಹದಲ್ಲಿ ಅಡಿಗೆಮನೆಗೆ ಸುಣ್ಣಬಣ್ಣಗಳನ್ನು ಬಳಿದು, ಮಸಿಯೆಲ್ಲವನ್ನೂ ತೊಳೆದು ಥಳಥಳಿಸುವಂತೆ ಮಾಡುವ ಅಭ್ಯಾಸವುಂಟು. ಲಿಂಗವನ್ನು ಅಳಿಸಿ ಅನುಮಿತಿಯನ್ನು ಬಯಸುವ ಈ ಕ್ರಮವು ಯಾವ ತರ್ಕಕ್ಕೂ ಒಪ್ಪತಕ್ಕದ್ದಲ್ಲ.

ಕುಪ್ಪಳಿಯ ಮನೆಯು ಈ ಬಗೆಯ ಪಾಠಕ್ಕೆ ವಿಶೇಷವಾಗಿ ಒದಗತಕ್ಕದ್ದು. ಅದು ನಡುವೆ ತೊಟ್ಟಿಯುಳ್ಳ, ಮೂರು ಅಂತಸ್ತಿನ ದೊಡ್ಡ ಮನೆ. ಕವಿಯ ಪುಸ್ತಕ, ಭಾವಚಿತ್ರಗಳಲ್ಲದೆ ಅಡಿಗೆಯ ಮತ್ತು ಬೇಸಾಯದ ಹಳೆಯ ಸಾಮಾನುಗಳೂ ಅಲ್ಲಿ ನೋಡಲು ಸಿಕ್ಕುತ್ತವೆ. ಕವಿಯು ಹುಟ್ಟಿದ ಮನೆಯೆಂದು ಅದನ್ನು ಕೆಲವರು ಮಕ್ಕಳಿಗೆ ಹೇಳಿಬಿಡುವುದುಂಟು, ಅದು ಸರಿಯಲ್ಲ. ಕುವೆಂಪು ಅವರು 1904ರ ಡಿಸೆಂಬರ್ 29ರಂದು ಹುಟ್ಟಿದುದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ, ಬೆಳೆದುದು ಕುಪ್ಪಳಿಯಲ್ಲಿ. ಹೆರಿಗೆಗೆ ತವರಿಗೆ ಹೋಗುವುದೇಕೆಂಬ ಒಂದು ಒಳ್ಳೆಯ ಪಾಠವು ಈ ಸಣ್ಣ ತಪ್ಪಿನಿಂದ ನಷ್ಟವಾಗುತ್ತದೆ. ಭತ್ತದ ಕಣಜದ, ಮಲೆನಾಡಿನವರ ಮಾತಿನಲ್ಲಿ ಪಣತದ, ವಿಚಾರವನ್ನು ತೆಗೆದುಕೊಳ್ಳಿರಿ. ವರ್ಷದ ಅನ್ನವೆಲ್ಲವೂ ಒಂದೆಡೆಯಲ್ಲಿ ತುಂಬಿರುವುದೆಂದರೇನೆಂದು ಅಂಗಡಿಯಿಂದ ತಿಂಗಳಿಗೊಮ್ಮೆ ಅಕ್ಕಿಯ ಚೀಲ ತರುವ ಮನೆಯ ಮಕ್ಕಳಿಗೆ ತಿಳಿಯದು. ಅದನ್ನು ಕಂಡ ಮೇಲೆ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಓದಿಸಿದರೆ, ಇಲಿಗಳ ಕಾಟವು ನಗೆಯ ವಿಷಯವಾಗಿರುವಷ್ಟೇ ಭಯದ ವಿಷಯವೂ ಆಗಿತ್ತೆಂಬುದು ಹೊಳೆಯುತ್ತದೆ. ಆ ಕಥೆಯ ಮೂಲವು ಬ್ರೌನಿಂಗ್ ಕವಿಯದಾದರೂ ಕನ್ನಡದ ಇಲಿಗಳಿಗೆ ಕನ್ನಡದ ಕಣಜವೇ ಬೇಕಲ್ಲವೆ? ಕೊಳಗ, ಸೇರು, ಪಾವುಗಳಿಂದ ಅಳೆಯಿಸಿ ಲೆಕ್ಕ ಮಾಡಿಸುವುದೂ ಇಲ್ಲಿಯೇ ಆಗಬಹುದು. 1958ರಿಂದ ಮೊದಲುಗೊಂಡು ಮೆಟ್ರಿಕ್ ಮಾನಗಳು ಹಂತಹಂತವಾಗಿ ಬಂದ ಮೇಲೆ ನಾಲ್ಕು ಪಾವಿಗೆ ಒಂದು ಸೇರೆಂಬುದು ಗಾದೆಗಳಲ್ಲಿ ಮಾತ್ರ ಉಳಿದುಕೊಂಡಿದೆ.

ಮಕ್ಕಳಿಗಾಗಿ ಮಾಡುವ ವಿವರಣೆಯು ದೊಡ್ಡವರ ವಿವರಣೆಗೆ ನೀರು ಬೆರೆಸಿದಂತಿರಬಾರದು, ಅದರ ಕ್ರಮವೇ ಮೂಲತಃ ಬೇರೆಯಾಗಿರಬೇಕು ಎಂದು ಅಮೆರಿಕದ ಫ್ರೀಮನ್ ಟಿಲ್ಡನ್ ಮಹಾಶಯರು 1957ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದಾರೆ. ಅವರು ಹೇಳಿದ ಆರು ಸೂತ್ರಗಳಲ್ಲಿ ಇದು ಕೊನೆಯದು. ಮಾತು ಒಪ್ಪತಕ್ಕದ್ದೇ. ಆದರೆ ವೃದ್ಧವ್ಯವಹಾರದ ದೃಷ್ಟಿಯಿಂದ ನೋಡಿದರೆ ಮಕ್ಕಳ ಕ್ರಮವೆಂದು ನಾವು ಕರೆಯುವುದು ದೊಡ್ಡವರಿಗೂ ಮೊದಲಿನಿಂದ ಬೇಕಾದ ಕ್ರಮವೇ; ದೊಡ್ಡವರು ಸಂಕೋಚದಿಂದ ಒರಳಿನ ಬಳಿ ಪ್ರಶ್ನೆ ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಈಚೆಗೆ ಪ್ರಚಾರಕ್ಕೆ ಬಂದಿರುವ ಇನ್ನೊಂದು ಉಪಾಯವೆಂದರೆ ವೇಷ. ಮಕ್ಕಳಿಗೆ ಹಳೆಯ ಕಾಲದ ಉಡುಪು ತೊಡಿಸಿ, ರುಮಾಲು ಸುತ್ತಿಸಿ, ಚಿತ್ರ ತೆಗೆದು ಕಳುಹಿಸುವುದು. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂದು ಭರತನು ಹೇಳಿದ ಅಭಿನಯಗಳು ನಾಲ್ಕು, ಇಲ್ಲಿರುವುದು ಆಹಾರ್ಯವೊಂದೇ. ಉಳಿದ ಮೂರಿಲ್ಲದ ನಾಟ್ಯದಿಂದ ರಸವು ಹುಟ್ಟಿದ ನಿದರ್ಶನವಿಲ್ಲ. ವೇಷವು ಸಾರ್ಥಕವಾಗುವ ಬಗೆಯನ್ನು ನೋಡಬೇಕಾದರೆ ನ್ಯೂಯಾರ್ಕ್ ನಗರದ ಆರ್ಚರ್ಡ್ ಬೀದಿಯ 97ನೆಯ ಸಂಖ್ಯೆಯ ಕಟ್ಟಡಕ್ಕೆ ಹೋಗಬೇಕು. 1863ರಲ್ಲಿ ಕಟ್ಟಿದ ಈ ಬಾಡಿಗೆಮನೆಗಳ ಕಟ್ಟಡದಲ್ಲಿ ನಾನಾ ದೇಶಗಳಿಂದ ಬಂದ ಬಡಜನರು ವಾಸವಾಗಿದ್ದರು. 1935ರಲ್ಲಿ ಬಿಡಾರಗಳು ಮುಚ್ಚಿದುವು. 1988ರಲ್ಲಿ ಸಂಗ್ರಹಾಲಯವು ಸ್ಥಾಪಿತವಾಯಿತು. ದೊಡ್ಡ ಮನುಷ್ಯನೊಬ್ಬನೂ ಬಾಳದ ಮನೆಯು ಸ್ಮಾರಕವಾದುದೇ ಒಂದು ವಿಶೇಷ. ಅಲ್ಲಿ ಕಾಸ್ಟೋರಿಯಾ ಎಂಬ ಊರಿನಿಂದ ಬಂದ ಕಾನ್ಫಿನೋ ಕುಟುಂಬದ ವಿಕ್ಟೋರಿಯಾ ಎಂಬ ಹದಿನಾಲ್ಕು ವರ್ಷದ ಹುಡುಗಿಯ ಪಾತ್ರವನ್ನು ವಹಿಸಿದ ನಟಿಯು, 1916ರಲ್ಲಿಯೇ ಇರುವಂತೆ, ಬಂದ ಮಕ್ಕಳೊಡನೆ ಮಾತನಾಡುವ ಕ್ರಮವೊಂದು ಪ್ರಸಿದ್ಧವಾಯಿತು. ಮಕ್ಕಳು ಹೊಸದಾಗಿ ಆ ದೇಶಕ್ಕೆ ಬಂದವರೆಂದು ಭಾವಿಸಿಕೊಂಡು ಅವಳನ್ನು ಪ್ರಶ್ನಿಸುವುದು, ಸಾಮಾನುಗಳನ್ನು ಮುಟ್ಟಿನೋಡುವುದು. ಇಲ್ಲಿ ವೇಷವು ಪ್ರಶ್ನೋತ್ತರಕ್ಕೆ ಸೇವಕನಾಗಿದೆ. ನಮ್ಮಲ್ಲಿ ಅದೇ ಯಜಮಾನನಾಗಿ ಕುಳಿತಿದೆ.

ಇಷ್ಟು ಹೊತ್ತು ಇರುವ ವಸ್ತುಗಳ ಮಾತಾಯಿತು. ಇಲ್ಲದ ವಸ್ತುವೂ ಪಾಠ ಹೇಳಬಲ್ಲುದೆಂಬುದಕ್ಕೆ ಆಮ್‌ಸ್ಟರ್‌ಡಾಮ್ ನಗರದ ಆನ್ ಫ್ರಾಂಕಳ ಮನೆಯು ನಿದರ್ಶನ. ನಾಜಿಗಳ ಭಯದಿಂದ ಎಂಟು ಮಂದಿ ಯಹೂದ್ಯರು ಅಡಗಿದ್ದ ಆ ಕೊಠಡಿಗಳಿಗೆ ಆನ್ ಫ್ರಾಂಕಳ ಕುಟುಂಬವು 1942ರ ಜುಲೈ ತಿಂಗಳಿನಲ್ಲಿ ಬಂದಿತು. 1944ರ ಆಗಸ್ಟ್ 4ರಂದು ಎಲ್ಲರೂ ಸೆರೆಯಾದರು. ಸಾಮಾನುಗಳನ್ನು ಅಧಿಕಾರಿಗಳು ಸಾಗಿಸಿಬಿಟ್ಟರು. ಬದುಕಿ ಬಂದವರು ಅವಳ ತಂದೆ ಆಟೋ ಫ್ರಾಂಕ್ ಅವರು ಮಾತ್ರ. 1960ರಲ್ಲಿ ಆ ಮನೆಯನ್ನು ಜನರಿಗೆ ತೆರೆದಾಗ, ಬರಿದು ಮಾಡಿದ ಕೊಠಡಿಗಳು ಬರಿದಾಗಿಯೇ ಇರಲೆಂಬುದು ಅವರ ಇಚ್ಛೆಯಾಗಿತ್ತು. ಆ ಗೋಡೆಯೊಂದರ ಮೇಲೆ ಹೆಣ್ಣುಮಕ್ಕಳಿಬ್ಬರ ಎತ್ತರವನ್ನು ಆಗಾಗ್ಗೆ ಗುರುತಿಸಿದ ಪೆನ್ಸಿಲಿನ ಗೆರೆಗಳು ಉಳಿದಿವೆ. ಅಡಗಿದ್ದ ಎರಡು ವರ್ಷಗಳಲ್ಲಿ ಆನ್ ಹದಿಮೂರು ಸೆಂಟಿಮೀಟರಿಗೂ ಹೆಚ್ಚು ಬೆಳೆದಳೆಂದು ಆ ಗೆರೆಗಳು ಹೇಳುತ್ತವೆ. ಬಾಗಿಲು ದಾಟದೆ, ಹಗಲಿನಲ್ಲಿ ಗಟ್ಟಿಯಾಗಿ ಹೆಜ್ಜೆಯಿಡದೆ ಬೆಳೆದ ಹುಡುಗಿಯನ್ನು ಆ ಗೆರೆಗಳಿಂದ ಊಹಿಸುವುದಕ್ಕೆ ಹತ್ತು ವರ್ಷದ ಮಗುವಿಗೆ ವಿವರಣಕಾರನ ಅವಶ್ಯಕತೆಯೇ ಇಲ್ಲ. ತನ್ನ ಮನೆಯ ಗೋಡೆಯ ಮೇಲೂ ಅಂತಹ ಗೆರೆಗಳಿರುತ್ತವೆ.

ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯಿಂದ ಇಲ್ಲವೆಂದು ಅರಿಯುವುದನ್ನು, ನೈಯಾಯಿಕರು ಪ್ರತ್ಯೇಕ ಪ್ರಮಾಣವೆಂದು ಒಪ್ಪುವುದಿಲ್ಲ. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಒಪ್ಪುತ್ತಾರೆ. ಆದರೆ ಒಂದು ನಿಬಂಧನೆಯುಂಟು: ವಸ್ತುವು ಅಲ್ಲಿದ್ದ ಪಕ್ಷದಲ್ಲಿ ಕಾಣಿಸಿಕೊಳ್ಳತಕ್ಕದ್ದಾಗಿರಬೇಕು. ಇಲ್ಲಿ ಏನೋ ಇರಬೇಕಾಗಿತ್ತೆಂದು ತಿಳಿದವನಿಗೆ ಮಾತ್ರ ಅದರ ಅಭಾವವು ತಿಳಿಯುತ್ತದೆ. ಸ್ಮಾರಕಗೃಹಗಳ ಬಹು ದೊಡ್ಡ ದೋಷವಿರುವುದು ಇಲ್ಲಿಯೇ. ವಾಷಿಂಗ್ಟನ್ನನ ಮೌಂಟ್ ವರ್ನನ್ ಮನೆಯನ್ನು 1858ರಲ್ಲಿ ಮಹಿಳಾಸಂಘವೊಂದು ಎರಡು ಲಕ್ಷ ಡಾಲರುಗಳಿಗೆ ಕೊಳ್ಳಲು ಒಪ್ಪಂದಮಾಡಿಕೊಂಡು ಕಾಪಾಡಿತು; ಅದು ಶ್ಲಾಘ್ಯವಾದ ಕಾರ್ಯ. 1799ರಲ್ಲಿ ಅವನು ತೀರಿಕೊಂಡಾಗ ಆ ಜಮೀನಿನಲ್ಲಿ 317 ಮಂದಿ ಗುಲಾಮರಿದ್ದರು. ಅವರ ಸಮಾಧಿಸ್ಥಳದಲ್ಲಿ ಗುರುತಿನ ಕಲ್ಲನ್ನು ನೆಟ್ಟುದು 1929ರಲ್ಲಿ. ಸ್ಮಾರಕವನ್ನು ನಿಲ್ಲಿಸಿದುದು 1983ರಲ್ಲಿ. ಈಗ ಅಲ್ಲಿ ಅವರ ವಿಷಯವನ್ನೂ ಮಕ್ಕಳಿಗೆ ಹೇಳುತ್ತಾರೆ. ಅದಕ್ಕೆ ಮೊದಲು ಬಂದುಹೋದ ಎಷ್ಟು ತಲೆಮಾರುಗಳ ಮಕ್ಕಳು ಆ ಮನೆಯ ಅನ್ನವು ತಾನಾಗಿಯೇ ಬೆಂದಿತೆಂದು ತಿಳಿದು ಮರಳಿದರೋ! ಅವರಿಗೆ ಹೇಳುತ್ತಿದ್ದುದು ವಾಷಿಂಗ್ಟನ್ನನು ಬಾಲ್ಯದಲ್ಲಿ ಚೆರಿಮರವನ್ನು ಕಡಿದು ಸತ್ಯ ನುಡಿದ ಕಥೆಯನ್ನು. ಅದೋ ವೀಮ್ಸ್ ಎಂಬ ಪಾದ್ರಿಯು ಕಟ್ಟಿದ್ದು.

ನಮ್ಮ ಮನೆಗಳ ಮಾತಿಗೆ ಬರೋಣ. ಮಲೆನಾಡಿನ ಹಳೆಯ ದೊಡ್ಡ ಮನೆಗಳಲ್ಲಿ ಹೆಬ್ಬಾಗಿಲು, ಅಂಗಳ, ಜಗಲಿ, ನಡುಮನೆ, ಅಡಿಗೆಮನೆ, ದೇವರ ಕೋಣೆ ಎಂಬವು ಬರಿಯ ಸ್ಥಳಭೇದಗಳಾಗಿರಲಿಲ್ಲ. ಯಾರು ಎಲ್ಲಿಯವರೆಗೆ ಬರಬಹುದೆಂಬುದಕ್ಕೆ ಎಲ್ಲೆಗಳಾಗಿದ್ದುವು. ಗದ್ದೆಯ ಕೆಲಸದವರು ಅಂಗಳದಲ್ಲಿ ನಿಲ್ಲುವರು, ನೆಂಟರು ಜಗಲಿಯಲ್ಲಿ ಕುಳ್ಳಿರುವರು, ಹೆಂಗಸರು ಒಳಗಿರುವರು. ಬ್ರಾಹ್ಮಣರ ಮನೆಗಳಲ್ಲಿಯೂ ನಮ್ಮ ಪಾಠಶಾಲೆಗಳಲ್ಲಿಯೂ ಈ ಹೊಸ್ತಿಲುಗಳು ಇನ್ನೂ ಎತ್ತರವಾಗಿದ್ದುವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ಕಾನೂನಿನಿಂದ ತೊಡೆದುಹಾಕಿತು. ಇಂದು ಸ್ಮಾರಕವಾಗಿರುವ ಇಂತಹ ಮನೆಗೆ ಬರುವ ನಲವತ್ತು ಮಕ್ಕಳಲ್ಲಿ ಎಷ್ಟೋ ಮಂದಿಯ ಮುತ್ತಜ್ಜಂದಿರು ಅಂಗಳವನ್ನು ದಾಟಿರಲಾರರು. ಆ ಮಕ್ಕಳು ಈಗ ನೆಟ್ಟಗೆ ಅಡಿಗೆಮನೆಯವರೆಗೆ ನಡೆದುಹೋಗುತ್ತಾರೆ. ಇದಕ್ಕಿಂತ ದೊಡ್ಡ ಘಟನೆಯು ಆ ಮನೆಯಲ್ಲಿ ಆ ದಿನ ಇನ್ನೊಂದಿಲ್ಲ. ಅದನ್ನು ಗಮನಿಸುವವರು ಒಬ್ಬರೂ ಇಲ್ಲ. ವಿವರಣಕಾರನು ಕನ್ನಡಕದ ವಿಷಯವನ್ನು ಹೇಳುತ್ತಿರುತ್ತಾನೆ.

ಕುಪ್ಪಳಿಯ ಮಟ್ಟಿಗಾದರೋ ಈ ಅಭಾವವನ್ನು ತುಂಬುವ ಸಾಮಗ್ರಿಯನ್ನು ಕವಿಯೇ ಒದಗಿಸಿದ್ದಾರೆ. 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿ ತಿಮ್ಮಿಯರಿಗೂ ಐತ ಪೀಂಚಲುಗಳಿಗೂ ದೊಡ್ಡ ಮನೆಗಳ ಹೆಗ್ಗಡೆಗಳಿಗಿಂತ ಕಡಮೆಯ ಸ್ಥಾನವಿಲ್ಲ. ಗುತ್ತಿಯ ನಾಯಿ ಹುಲಿಯನಿಗೂ ಇಲ್ಲ. ಕೂಲಿಯವರ ಬಿಡಾರಗಳು ಸೋಗೆಯವೂ ಹುಲ್ಲಿನವೂ ಆದುದರಿಂದ ಕಾಲಕ್ಕೆ ನಿಲ್ಲಲಿಲ್ಲ; ಹೆಂಚಿನ ಮನೆಗಳು ನಿಂತುವು. ಉಳಿದುದನ್ನೇ ಚರಿತ್ರೆಯೆಂದರೆ ಹೆಂಚಿನ ಚರಿತ್ರೆ ಮಾತ್ರ ಉಳಿದೀತು. ದೊಡ್ಡ ಮನೆಯ ಒಳಗೆ ಒಂದು ಗಂಟೆ ಕಳೆದ ಮೇಲೆ ಮಕ್ಕಳನ್ನು ಹೊರಗೆ ಕರೆತಂದು, ಇಷ್ಟು ಗದ್ದೆಗೆ ಇಷ್ಟು ಕೆಲಸವಾಗಬೇಕಾದರೆ ಎಷ್ಟು ಜನ ಬೇಕು, ಅವರೆಲ್ಲ ರಾತ್ರಿ ಎಲ್ಲಿ ಮಲಗುತ್ತಿದ್ದರು, ಆ ಜಾಗ ಈಗ ಎಲ್ಲಿದೆ ಎಂದು ಕೇಳಿದರೆ, ಇಲ್ಲದ ಗುಡಿಸಲು ಅವರ ಕಣ್ಣಿಗೆ ಕಟ್ಟುವುದು.

ಎಳೆಯ ಮನಸ್ಸಿಗೆ ಕಹಿಯನ್ನು ಉಣಿಸಬಾರದೆಂದು ಕೆಲವರು ಹೇಳಿಯಾರು. ಕವಿಯ ಗೌರವಕ್ಕೆ ಕುಂದೆಂದು ಮತ್ತೆ ಕೆಲವರು. ಮೊದಲಿನವರು ಹರಿಶ್ಚಂದ್ರನ ಕಥೆಯನ್ನು ಮಕ್ಕಳಿಗೆ ಹೇಳುವುದನ್ನು ನಿಲ್ಲಿಸಿದ್ದಾರೆಯೆ? ಹೆಂಡಿರುಮಕ್ಕಳ ಮಾರಾಟ, ಹಾವು ಕಚ್ಚಿ ಸತ್ತ ಮಗ, ಸ್ಮಶಾನದ ಕಾವಲು ಎಲ್ಲವೂ ಅದರಲ್ಲಿವೆ; ಕೇಳಿದ ಮಕ್ಕಳು ಅತ್ತು, ಬಳಿಕ ಊಟಮಾಡಿ ಮಲಗುತ್ತಾರೆ. ಕವಿಯ ಗೌರವದ ಮಾತಂತೂ ತಿರುಗುಮುರುಗಾಗಿದೆ. ವಿಶ್ವಮಾನವನೆಂಬ ಮಾತನ್ನು ಹೇಳಿದವರ ಮನೆಯಲ್ಲಿ ಅಂಗಳದ ಜನರ ಹೆಸರೆತ್ತುವುದು ಅವರಿಗೆ ಅಗೌರವವಾದೀತೆಂದು ತಿಳಿಯುವವರು ಅವರ ಪುಸ್ತಕಗಳನ್ನು ಗಾಜಿನ ಹೊರಗಿನಿಂದ ನೋಡಿದವರಿರಬೇಕು. ಆದರೆ ಉಪದೇಶವು ಇಲ್ಲಿ ಬೇಡ. ಫಲಕದ ಮೇಲೆ ಸಮಾನತೆಯ ಭಾಷಣವನ್ನು ಬರೆದರೆ ಕಡೆಗೋಲಿನ ಚೀಟಿಗೆ ಆದ ಗತಿಯೇ ಅದಕ್ಕೂ ಆಗುವುದು.

ಇನ್ನುಳಿದುದು ಏರ್ಪಾಡಿನ ಮಾತು. ಆ ಮನೆಯಲ್ಲಿ ಪಾಠವು ಹೊಸದೇನಲ್ಲ. ಕುವೆಂಪು ಅವರಿಗೆ ಬಾಲ್ಯದ ಓದುಬರೆಹ ಪ್ರಾರಂಭವಾದುದು ದಕ್ಷಿಣ ಕನ್ನಡದಿಂದ ಕರೆಸಿದ ಉಪಾಧ್ಯಾಯರಿಂದ ಮನೆಯಲ್ಲಿಯೇ. ಶಾಲೆಯೊಂದರಿಂದ ಇನ್ನೂರು ಮಕ್ಕಳನ್ನು ಬಸ್ಸುಗಳಲ್ಲಿ ತುಂಬಿ ಒಂದೇ ದಿನದಲ್ಲಿ ಕುಪ್ಪಳಿ, ಆಗುಂಬೆ, ಶೃಂಗೇರಿಗಳನ್ನು ಮುಗಿಸುವ ಪ್ರವಾಸದಲ್ಲಿ ಮೇಲೆ ಹೇಳಿದ ಯಾವುದೂ ಸಾಧ್ಯವಿಲ್ಲ. ಇಪ್ಪತ್ತು ಮಕ್ಕಳು, ಅರ್ಧ ದಿನ, ಒಂದೋ ಎರಡೋ ಕೋಣೆಗಳು. ಉಪಾಧ್ಯಾಯರು ಮುಂಚೆ ಒಮ್ಮೆ ಒಬ್ಬರೇ ಬಂದು ನೋಡಿಹೋಗಿರಬೇಕು. ಒಕ್ಕಲುಮನೆಯಲ್ಲಿ ದುಡಿದ ಮುದುಕಿಯೊಬ್ಬಳು ಊರಿನಲ್ಲಿ ಸಿಕ್ಕಿದರೆ ಅವಳಿಗೆ ತಕ್ಕ ಸಂಭಾವನೆ ಕೊಟ್ಟು ಒರಳಿನ ಬಳಿ ಕುಳ್ಳಿರಿಸಬೇಕು. ಕಾಲವನ್ನೂ ಬದಲಾಯಿಸಬೇಕು. ಪ್ರವಾಸಗಳೆಲ್ಲವೂ ಡಿಸೆಂಬರ್, ಜನವರಿಯ ಒಣಹವೆಯಲ್ಲಿ ನಡೆಯುತ್ತವೆ. ಆ ಮನೆಯೋ ಮಳೆಗಾಗಿ ಕಟ್ಟಿದ ಮನೆ. ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಹತ್ತಿರದ ಶಾಲೆಗಳ ಮಕ್ಕಳನ್ನಾದರೂ ಆಷಾಢದಲ್ಲಿ, ದಾರಿ ಸರಿಯಿರುವ ದಿನ ನೋಡಿ, ಕರೆತಂದು ಜಗಲಿಯಲ್ಲಿ ಕುಳ್ಳಿರಿಸಬೇಕು. ನಾಲ್ಕು ಕಡೆಯ ಮಾಡಿನ ನೀರು ತೊಟ್ಟಿಗೆ ಸುರಿದು ಹೊರಗೆ ಹರಿದುಹೋಗುವುದನ್ನು ಅವರು ನೋಡಲಿ. ಮಾಡಿನ ಇಳಿಜಾರು ಏಕೆ ಅಷ್ಟು ಕಡಿದು, ಗೊರಬೆಂಬುದು ಏಕೆ ಬೇಕಾಗಿತ್ತು, ಅದನ್ನು ತಲೆಯ ಮೇಲೆ ಹೊತ್ತು ಆ ಮಳೆಯಲ್ಲಿ ಗದ್ದೆಯಲ್ಲಿ ಬಾಗಿ ನಿಂತವರು ಯಾರು ಎಂಬ ಪ್ರಶ್ನೆಗಳು ಆಗ ಅವರ ಬಾಯಿಂದಲೇ ಹೊರಡುವುವು.